‘ಕೊಟ್ಟೆ’ ಎಂದು ಬರೆಯದ ಚೀಟಿ

ಇಬ್ರಾಹಿಂ ಚಾಚಾ ಒಬ್ಬರ ಗಡಿಯಾರವನ್ನೂ ತಮ್ಮ ಬಳಿ ಉಳಿಸಿಕೊಂಡವರಲ್ಲ ಎಂದು ದಾವಣಗೆರೆಯ ಹಳೇ ಪೇಟೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬರಾದರೂ ಎಣಿಸಿ ನೋಡಿದ್ದಾರೆಯೇ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನಗೆ, ಎಲ್ಲರೂ ಒಪ್ಪಿಕೊಂಡ ಮಾತು ಕಿವಿಗೆ ಬಿದ್ದರೆ ನಾಲಿಗೆ ತುರಿಸುತ್ತದೆ. ಇದು ಒಳ್ಳೆಯ ಗುಣವೇನಲ್ಲ. ಈ ಗುಣದಿಂದಾಗಿ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನನ್ನನ್ನು ಯಾರೂ ಕೇಳುವುದಿಲ್ಲ.

ಎಣಿಸುವ ಅವಕಾಶ ತಾನಾಗಿಯೇ ಬಂತು. ಚಾಚಾನ ಗಡಿಯಾರ ರಿಪೇರಿ ಅಂಗಡಿ ಇರುವ ಕಟ್ಟಡವನ್ನು ಕೆಡವುತ್ತಾರಂತೆ. ಕಣ್ಣೂ ಸೋತಿದೆ, ಈ ತಿಂಗಳ ಕೊನೆಗೆ ಕೆಲಸವನ್ನೇ ನಿಲ್ಲಿಸುತ್ತೇನೆ ಎಂದು ಅವರು ತೀರ್ಮಾನಿಸಿದ್ದರು. “ಒಬ್ಬರದ್ದೂ ನನ್ನ ಹತ್ರ ಉಳೀಬಾರ್ದು ನೋಡವ್ವ. ನಿನ್ನ ಕಂಪ್ಯೂಟರ್‌ನಾಗೆ ಹಾಕಿ, ಯಾರ್ಯಾರದ್ದು ಬಾಕಿ ಐತೆ ಹೇಳಿಬಿಡು” ಎಂದು ಏಳು ಬಿಸ್ಕತ್ತು ಡಬ್ಬಿಗಳನ್ನು ನನ್ನ ಮುಂದಿಟ್ಟರು. ಡಬ್ಬಿ ತುಂಬ ರಟ್ಟಿನ ಚೀಟಿಗಳು, ಒಂದು ಗಡಿಯಾರಕ್ಕೆ ಒಂದು.

ಯಾವ ಎರಡು ಚೀಟಿಯೂ ಒಂದೇ ತರಹ ಇರಲಿಲ್ಲ. ಒಂದರಲ್ಲಿ ಊರು ಇದೆ, ಹೆಸರಿಲ್ಲ. ಇನ್ನೊಂದರಲ್ಲಿ ‘ಮಲೆಬೆನ್ನೂರು ಬಸ್ಸಿನವರು, ಬಹಳ ಅವಸರ’ ಎಂದಷ್ಟೇ ಇದೆ. ಮತ್ತೊಂದರಲ್ಲಿ ‘ಮಗಳ ನಿಕಾಹ್‌ಗೆ ಮುಂಚೆ’. ಗಿರಾಕಿ ಬಂದು ಕೇಳಿಹೋದರೆ ಆ ತಾರೀಕು. ಗಡಿಯಾರ ಒಯ್ದರೆ ಕೊನೆಗೆ ‘ಕೊಟ್ಟೆ’. ಇಂಥ ಅಡ್ಡಾದಿಡ್ಡಿ ಚೀಟಿಗಳನ್ನು ಮನೆಗಳಿರುವ ಕೋಷ್ಟಕಕ್ಕೆ ತುರುಕಿದರೆ ಅರ್ಧ ಮನೆಗಳು ಖಾಲಿ ಬೀಳುತ್ತವೆ. ಅದಕ್ಕೆಂದೇ ಡಾಕ್ಯುಮೆಂಟ್ ಡೇಟಾಬೇಸ್ ಎಂಬುದೊಂದಿದೆ. ಅದು ಪ್ರತಿ ಚೀಟಿಯನ್ನೂ ಅದು ಇರುವ ಹಾಗೆಯೇ ಇಟ್ಟುಕೊಳ್ಳುತ್ತದೆ, ನೀನೇಕೆ ಅವನಂತಿಲ್ಲ ಎಂದು ಯಾರನ್ನೂ ಗದರಿಸುವುದಿಲ್ಲ.

ಚೀಟಿಗಳನ್ನೆಲ್ಲ ಗೆಳತಿಯರು ಹಂಚಿಕೊಂಡು ಆ ಡೇಟಾಬೇಸಿಗೆ ಟೈಪ್ ಮಾಡಿಕೊಟ್ಟರು. ಅದರಿಂದ ಲೆಕ್ಕ ಕೇಳುವ ಪ್ರೋಗ್ರಾಮನ್ನು ನಾನು ಸಿ ಭಾಷೆಯಲ್ಲಿ ಬರೆದೆ. ಯಾಕೆ ಸಿ? ಹಿಂದೊಮ್ಮೆ ಸ್ಪರ್ಧೆಯಲ್ಲಿ ‘ಸಿ ಭಾಷೆಯೇ ಮೇಲು’ ಎಂಬ ಪಕ್ಷ ನನ್ನ ಪಾಲಿಗೆ ಬಿದ್ದಿತ್ತು, ಗೆದ್ದಿದ್ದೆ. ಗೆದ್ದ ಮಾತನ್ನು ಬಿಟ್ಟುಕೊಡಲಾಗದೆ, ಗೆಳತಿಯರು ನಾಲ್ಕು ಸಾಲಿನಲ್ಲಿ ಮುಗಿಸುವುದನ್ನು ಇಂದಿಗೂ ನಲವತ್ತು ಸಾಲಿನಲ್ಲಿ ಬರೆಯುತ್ತೇನೆ. ಆದರೂ ಸಿ ಭಾಷೆಗೆ ಒಂದು ಮರ್ಯಾದೆಯಿದೆ. ಅಲ್ಲಿ ಕಂಪ್ಯೂಟರಿನ ಮೆಮೊರಿಯಿಂದ ಕೇಳಿ ಪಡೆದ ಜಾಗವನ್ನೆಲ್ಲ ಕೆಲಸವಾದ ಮೇಲೆ ನೀವೇ ನೆನಪಿಟ್ಟು ಹಿಂದಿರುಗಿಸಬೇಕು. ಮರೆತರೆ ಯಾರೂ ಎಚ್ಚರಿಸುವುದಿಲ್ಲ. ಚಾಚಾನ ಅಂಗಡಿಗೆ ತಕ್ಕ ಭಾಷೆಯೇ.

ಲೆಕ್ಕ ಕೇಳುವ ಕ್ರಮವೂ ಚೆಂದ. ಭದ್ರಾ ನಾಲೆಯಿಂದ ಗದ್ದೆಗೆ ನೀರು ಬಿಟ್ಟ ಹಾಗೆ, ಚೀಟಿಗಳು ಒಂದು ತೂಬು ದಾಟಿ ಇನ್ನೊಂದಕ್ಕೆ ಹರಿಯುತ್ತವೆ. ಮೊದಲ ತೂಬಿನಲ್ಲಿ ಬೇಕಾದವನ್ನಷ್ಟೇ ಒಳಗೆ ಬಿಡುವುದು, ಎರಡನೆಯದರಲ್ಲಿ ಗುಂಪು ಕಟ್ಟುವುದು, ಮೂರನೆಯದರಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವುದು. ಮಧ್ಯಾಹ್ನದ ಮಂಪರು ಬಿಸಿಲಿನಲ್ಲಿ, ಹತ್ತಾರು ಗಡಿಯಾರಗಳ ಟಿಕ್‌ಟಿಕ್ ನಡುವೆ ಆ ಅಂಗಡಿಯಲ್ಲಿ ಕೂತಿದ್ದರೆ, ಚೀಟಿಗಳು ನಿಜಕ್ಕೂ ನೀರಿನ ಮೇಲೆ ತೇಲಿ ಹೋಗುತ್ತಿವೆ ಅನ್ನಿಸುತ್ತಿತ್ತು.

‘ಕೊಟ್ಟೆ: ಇಲ್ಲ’ ಎಂದಿರುವ ಚೀಟಿಗಳನ್ನೆಲ್ಲ ಕೊಡು ಎಂದೆ. ಉತ್ತರ: ಸೊನ್ನೆ.

“ಊರೋರ ಮಾತೇ ಖರೆ ಆತಲ್ಲ!” ಎಂದರು ಚಾಚಾ. ಹಾಗೆನ್ನುತ್ತಲೇ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತ ಗಡಿಯಾರಗಳ ಕಡೆ ನೋಡಿ ನಕ್ಕುಬಿಟ್ಟರು. “ಹಂಗಾದ್ರೆ ಇವೆಲ್ಲ ಯಾರ್ದು ಬೇಟಾ? ನಿನ್ನವಾ?”

ತಪ್ಪು ನನ್ನದು. ಕೊಡದ ಗಡಿಯಾರದ ಚೀಟಿಯ ಮೇಲೆ ‘ಕೊಟ್ಟಿಲ್ಲ’ ಎಂದು ಯಾರು ಬರೆಯುತ್ತಾರೆ? ಸುಮ್ಮನೆ ಏನನ್ನೂ ಬರೆಯುವುದಿಲ್ಲ. ಆ ಚೀಟಿಗಳಲ್ಲಿ ಆ ಪದವೇ ಇರಲಿಲ್ಲ. ಇಲ್ಲ ಎನ್ನುವುದು ಬೇರೆ, ಏನೂ ಅನ್ನದಿರುವುದು ಬೇರೆ. ಚರ್ಚೆಯಲ್ಲಿ ಎದುರಾಳಿ ಉತ್ತರಿಸದ ಮಾತು ನಮ್ಮ ಗೆಲುವೆಂದೇ ಲೆಕ್ಕ. ಡೇಟಾಬೇಸ್ ಆ ನಿಯಮವನ್ನು ಒಪ್ಪಲಿಲ್ಲ.

‘ಕೊಟ್ಟೆ’ ಎಂಬ ಪದವೇ ಇಲ್ಲದವನ್ನು ಕೊಡು ಎಂದು ಪ್ರಶ್ನೆ ತಿದ್ದಿದ ಮೇಲೆ ಇಪ್ಪತ್ಮೂರು ಚೀಟಿಗಳು ಹೊರಬಂದವು. ಊರಿನವರ ಮಾತು ಬಿತ್ತು, ನಾನು ಗೆದ್ದೆ. ಯಾರಿಗೆ ಮೊದಲು ಫೋನ್ ಮಾಡಬೇಕೆಂದು ತಿಳಿಯಲು, ಬಂದು ಕೇಳಿಹೋದ ತಾರೀಕುಗಳನ್ನು ಬಿಡಿಸಿ, ಎಣಿಸಿ, ಜಾಸ್ತಿ ಬಂದವರನ್ನು ಮೇಲೆ ತಂದೆ. ಎರಡನೆಯ ಸ್ಥಾನದವರು ನಾಲ್ಕು ಸಲ ಬಂದಿದ್ದರು. ಮೊದಲನೆಯವರು ಹರಿಹರದ ಹಾಲಪ್ಪನವರು: ನೂರಾ ಎಪ್ಪತ್ತೊಂದು ಸಲ.

ಪ್ರೋಗ್ರಾಮು ಒಂದೇ ಚೀಟಿಯನ್ನು ಸುತ್ತಿ ಸುತ್ತಿ ಓದುತ್ತಿದೆ ಎಂದುಕೊಂಡೆ. ಡಬ್ಬಿ ತೆಗೆದು ನೋಡಿದರೆ, ಜಾಗ ಸಾಲದೆ ಐದು ರಟ್ಟುಗಳನ್ನು ದಾರದಲ್ಲಿ ಹೊಲಿದ ಚೀಟಿ. ತುಂಬ ತಾರೀಕುಗಳು, ಎಲ್ಲವೂ ಸೋಮವಾರ. ದೋಷದ ಜಾಗದಲ್ಲಿ ‘ಸ್ವಲ್ಪ ನಿಧಾನ’ ಎಂದಿತ್ತು.

ಮುಂದಿನ ಸೋಮವಾರ ನಾನೂ ಅಲ್ಲಿದ್ದೆ. ಹಾಲಪ್ಪನವರು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೂದಲೆಳೆಯಷ್ಟು ಅಳತೆ ನೋಡುತ್ತಿದ್ದವರು, ಈಗ ನಿವೃತ್ತರು. ಬಂದವರೇ ಮಂಡಕ್ಕಿ ಮಿರ್ಚಿಯ ಪೊಟ್ಟಣ ಬಿಚ್ಚಿಟ್ಟರು.

“ಆತೇನ್ರಿ ಸಾಹೇಬ್ರೆ?”

“ಎಲ್ಲಿ ಆಗ್ತೈತೆ ಹಾಲಪ್ಪಾರೆ. ಆ ಚಕ್ರ ಇನ್ನೂ ಸಿಕ್ಕಿಲ್ಲ.”

“ಅವಸರ ಬ್ಯಾಡ ಬಿಡ್ರಿ. ಕೂಡ್ರಿ, ಮಿರ್ಚಿ ಆರ್ತಾವೆ.”

ನಂತರ ಒಂದು ಗಂಟೆ ಅವರು ಗಡಿಯಾರದ ಸುದ್ದಿಯನ್ನೇ ಎತ್ತಲಿಲ್ಲ. ಶಾಮನೂರಿನ ಸೈಟುಗಳ ರೇಟು, ಮೊಣಕಾಲ ನೋವು, ಹಳೇ ಕ್ಯಾಂಟೀನಿನ ಚಹಾ ಚೆನ್ನಾಗಿತ್ತೋ ಇಲ್ಲವೋ ಎಂಬ ಜಗಳ. ಕೊನೆಗೆ ಹಾಲಪ್ಪನವರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಹೊತ್ತು ನೋಡಿದ್ದು ತಮ್ಮ ಕೈಗೆ ಕಟ್ಟಿದ್ದ ಇನ್ನೊಂದು ಗಡಿಯಾರದಲ್ಲಿ.

ಅವರು ಹೋದ ಮೇಲೆ ಕಪಾಟಿನಲ್ಲಿ ಬೋರಲು ಮಲಗಿದ್ದ ಅವರ ಗಡಿಯಾರವನ್ನು ತಿರುಗಿಸಿದೆ. ಮುಳ್ಳು ನನ್ನ ಫೋನಿನ ಜತೆ ಕ್ಷಣ ತಪ್ಪದೆ ಓಡುತ್ತಿತ್ತು. ಕೀಲಿ ಪೂರ್ತಿ ಬಿಗಿಯಾಗಿತ್ತು. ದಿನವೂ ಕೀಲಿ ಕೊಡದಿದ್ದರೆ ನಿಲ್ಲುವ ಗಡಿಯಾರ ಅದು.

ಇಂದು ತಿಂಗಳ ಕೊನೆಯ ಸೋಮವಾರ. ಇಪ್ಪತ್ತೆರಡು ಗಡಿಯಾರಗಳು ಮನೆ ಸೇರಿವೆ, ಇಪ್ಪತ್ತೆರಡು ಚೀಟಿಗಳಿಗೆ ‘ಕೊಟ್ಟೆ’ ಸೇರಿದೆ. ನಾಳೆ ಬೀಗ. ಕಪಾಟಿನಲ್ಲಿ ಒಂದೇ ಒಂದು ಟಿಕ್‌ಟಿಕ್. ಹಾಲಪ್ಪನವರ ಬಸ್ಸು ಬರುವ ಹೊತ್ತು. ನನ್ನ ಪ್ರೋಗ್ರಾಮು ಒಂದು ಪದಕ್ಕಾಗಿ ಕಾದು ಕೂತಿದೆ. ಹೌದು ಎಂದರೂ ಒಪ್ಪುತ್ತದೆ, ಇಲ್ಲ ಎಂದರೂ ಒಪ್ಪುತ್ತದೆ, ಖಾಲಿ ಬಿಟ್ಟರೂ ಒಪ್ಪುತ್ತದೆ. ಚಾಚಾ ಮಾತ್ರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಏನೂ ಇಲ್ಲದ ಮೇಜಿನ ಮೇಲೆ ಬಗ್ಗಿ ಏನನ್ನೋ ಹುಡುಕುತ್ತಿದ್ದಾರೆ. ಎರಡು ಸಲ ಕೇಳಿದೆ, ಮೂರನೆಯ ಸಲವೂ ಕೇಳಿದೆ:

“ಚಾಚಾ, ಈ ಚೀಟಿಗೆ ಏನಂತ ಬರೀಲಿ?”