ಮೂಸದ ಗುಲಾಬಿ

ಅಂಗಳಕ್ಕೆ ನೀರು ಹೊಡೆದೆ, ರಂಗೋಲಿಯ ನಾಲ್ಕು ಎಳೆ ಎಳೆದೆ, ಹಾಲು ಕಾಸಿದೆ, ಸಜ್ಜೆ ಹಿಟ್ಟು ನಾದಿ ರೊಟ್ಟಿ ಬಡಿದೆ, ಮನೆಯ ಹಿಂದೆ ಮಗ್ಗ ನಡೆಸುವ ಯಜಮಾನರಿಗೆ ಚಹಾ ಕೊಟ್ಟೆ, ಗುಲಾಬಿಯ ಎಲೆಗಳ ಮೇಲೆ ಕೂತಿದ್ದ ಹತ್ತಿಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಒಣಗಿದ ಬಟ್ಟೆ ಮಡಚಿದೆ. ನಡುನಡುವೆ ಗಿಡದಲ್ಲಿ ಅರಳಿದ್ದ ಒಂದೇ ಒಂದು ಹೂವಿನ ಹತ್ತಿರ ಹೋಗಿ, ಮೂಸದೆ ತಿರುಗಿ ಬಂದೆ. ಇಷ್ಟು ಕೆಲಸಗಳಲ್ಲಿ ನನ್ನನ್ನು ನಿಜವಾಗಿ ದಣಿಸಿದ್ದು ಈ ಕೊನೆಯದು.

ಒಂದು ಹೂವು ಮೂಸುವುದಕ್ಕೆ ಇಷ್ಟೊಂದು ಪೀಠಿಕೆಯೇ ಎಂದು ನೀವು ನಗಬಹುದು. ನಗಿರಿ, ನಮ್ಮ ಮನೆಯವರೂ ನಗುತ್ತಾರೆ. ಆದರೆ ನನ್ನ ಕಷ್ಟ ಕೇಳಿದ ಮೇಲೆ ನಗಿರಿ.

ನಾನು ಬನಹಟ್ಟಿಗೆ ಸೊಸೆಯಾಗಿ ಬರುವ ಮೊದಲು ಜಮಖಂಡಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ದಾರಿಯಲ್ಲಿ ಒಂದು ಹಳೆಯ ಬಂಗಲೆ, ಅದರ ಸುತ್ತ ಆಳೆತ್ತರದ ಗೋಡೆ. ಚಳಿಗಾಲದ ಬೆಳಗಿನಲ್ಲಿ ಆ ಗೋಡೆಯ ಆಚೆಯಿಂದ ಗುಲಾಬಿಯ ಪರಿಮಳ ಬರುತ್ತಿತ್ತು. ಹೂವು ಕಾಣುತ್ತಿರಲಿಲ್ಲ, ಕೆಂಪೋ ಹಳದಿಯೋ ಇವತ್ತಿಗೂ ಗೊತ್ತಿಲ್ಲ. ಆ ಗೋಡೆಯುದ್ದಕ್ಕೂ ನಾವು ಗೆಳತಿಯರು ಸುಮ್ಮನಾಗಿ ನಡೆಯುತ್ತಿದ್ದೆವು, ಗೋಡೆ ಮುಗಿದ ಮೇಲೆ ಮತ್ತೆ ಮಾತು. ಆಮೇಲೆ ನನ್ನ ಬದುಕಿನಲ್ಲಿ ಬಂದ ಗುಲಾಬಿಗಳಿಗೇನೂ ಕೊರತೆಯಿಲ್ಲ: ಮದುವೆಯ ಹಾರದಲ್ಲಿ, ಸತ್ಕಾರದ ಗುಚ್ಛದಲ್ಲಿ, ಪ್ಲಾಸ್ಟಿಕ್ ಹಾಳೆಯೊಳಗೆ ಉಸಿರುಗಟ್ಟಿದ ಒಂಟಿ ಹೂವಿನಲ್ಲಿ. ಪ್ರತಿಯೊಂದನ್ನೂ ಮೂಗಿನ ಬಳಿಗೊಯ್ದು ನೋಡಿದ್ದೇನೆ. ರೂಪದಲ್ಲಿ ರಾಣಿಯರು, ಪರಿಮಳದಲ್ಲಿ ಮೌನವ್ರತದವರು.

ಆದ್ದರಿಂದ ಎರಡು ಮಳೆಗಾಲದ ಹಿಂದೆ ಜಮಖಂಡಿಯ ಸಸಿ ಮಾರುವವನ ಮುಂದೆ ನಿಂತು ನಾನು ಬಣ್ಣ ಕೇಳಲಿಲ್ಲ.

"ವಾಸನಿದ್ದು ಬೇಕು," ಎಂದೆ. "ಮತ್ತ ಗದ್ಲ ಇರಬಾರದು. ನನಗ ಔಷಧ ಹೊಡಕೋತ ಕೂಡೂದು ಆಗಂಗಿಲ್ಲ."

"ಇದನ್ನ ಒಯ್ರಿ ಅಕ್ಕಾರ. ಹೈಬ್ರಿಡ್ ಟೀ ಅಂತ ಗುಲಾಬಿ ಜಾತಿ. ಒಂದು ಟೊಂಗಿಗೆ ಒಂದ ಹೂ, ಆದರ ಆ ಒಂದು ಹೂ ನೋಡ್ಬೇಕ್ರಿ! ಬಿಸಲು, ನೀರು, ವರ್ಷಕ್ಕೊಂದು ಸಲ ಕತ್ರಿ. ಮತ್ತೇನೂ ಕೇಳಂಗಿಲ್ಲ."

ಏನೂ ಕೇಳುವುದಿಲ್ಲ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನನ್ನ ಮದುವೆಯ ಮಾತುಕತೆಯಲ್ಲಿ. ಆದರೂ ಗಿಡದ ಮಟ್ಟಿಗೆ ಅದು ಬಹುಪಾಲು ನಿಜವೇ ಆಯಿತು. ನಮ್ಮ ಎರೆಮಣ್ಣು ನೀರು ಹಿಡಿದಿಟ್ಟುಕೊಂಡು ಬೇರನ್ನು ಕೊಳೆಸುತ್ತದೆಂದು ಒಂದು ಬುಟ್ಟಿ ಕೆಂಪು ಮಣ್ಣು, ಒಂದಿಷ್ಟು ಹಳೆಯ ಗೊಬ್ಬರ ಬೆರೆಸಿದೆ. ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಮೂಲೆ ಕೊಟ್ಟೆ. ನೀರನ್ನು ಎಲೆಗೆ ಎರಚದೆ ಬುಡಕ್ಕೆ ಮಾತ್ರ, ಮಣ್ಣು ಒಣಗಿದಾಗ ಮಾತ್ರ ಹಾಕಿದೆ. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಹುಟ್ಟುವ ಕಾಡು ಚಿಗುರನ್ನು ಆಗಾಗ ಮುರಿದೆ. ಬಿಟ್ಟರೆ ಅದೇ ಮನೆಯ ಯಜಮಾನನಾಗುತ್ತದೆ. ದೀಪಾವಳಿಗೆ ಮುಂಚೆ ಗಟ್ಟಿ ಮನಸ್ಸು ಮಾಡಿ ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಚಳಿ ಬಿದ್ದೊಡನೆ ಉದ್ದನೆಯ ದಂಟಿನ ತುದಿಯಲ್ಲಿ ತಿಳಿಗೆಂಪಿನ ಮೊಗ್ಗು ತಲೆಯೆತ್ತಿತು.

ಅದನ್ನು ನನಗಿಂತ ಮೊದಲು ಕಂಡವರು ನಮ್ಮ ಅತ್ತೆ.

ಅತ್ತೆ ದಿನವೂ ನಸುಕಿನಲ್ಲಿ ಎದ್ದು, ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವವರು. ಅದಕ್ಕೊಂದು ಹೂವು ಬೇಕು. ಅದು ಅರ್ಧ ಬಿರಿದ ಮೊಗ್ಗಾದರೆ ಅವರಿಗೆ ಪರಮಾನಂದ. ಮತ್ತು ಆ ಹೂವನ್ನು ಯಾರೂ ಮೂಸಿರಬಾರದು. ಮೂಸಿದ ಹೂವು ಎಂಜಲಾದಂತೆ, ದೇವರಿಗೆ ಸಲ್ಲುವುದಿಲ್ಲ. ಇದು ನನಗೂ ಎಳವೆಯಿಂದ ಗೊತ್ತಿರುವ ನಿಯಮವೇ. ಆದರೆ ದಾಸವಾಳ, ಕಣಗಿಲೆಗಳ ಕಾಲದಲ್ಲಿ ಅದು ನನ್ನನ್ನು ಎಂದೂ ಪೀಡಿಸಿರಲಿಲ್ಲ. ಈಗ ನೋಡಿ: ಒಂದು ಟೊಂಗೆಗೆ ಒಂದೇ ಹೂವು, ಅದು ಅರಳುವ ಮೊದಲೇ ಹಿತ್ತಾಳೆ ತಟ್ಟೆಯಲ್ಲಿ. ಪರಿಮಳಕ್ಕೆಂದೇ ತಂದ ಗಿಡ ಎರಡು ಚಳಿಗಾಲ ಹೂ ಕೊಟ್ಟರೂ ಅದಕ್ಕೆ ಪರಿಮಳವಿದೆಯೇ ಎಂಬುದು ನನಗೆ ತಿಳಿಯಲಿಲ್ಲ.

ಶಾಸ್ತ್ರದಲ್ಲಿ ಸಂದು ಹುಡುಕುವ ವಕೀಲಿಯನ್ನೂ ಮಾಡಿದೆ. ಮೂಗು ಹೂವಿನ ಬಳಿ ಹೋದರೆ ತಪ್ಪು, ಪರಿಮಳ ತಾನಾಗಿ ಮೂಗಿನ ಬಳಿ ಬಂದರೆ? ಗಾಳಿಗೆ ಎದುರಾಗಿ ಕೂತು ಅಕ್ಕಿ ಆರಿಸಿದೆ. ಬಂದದ್ದು ಮಗ್ಗದ ಎಣ್ಣೆಯ ವಾಸನೆ, ನೂಲಿಗೆ ಹಾಕಿದ ಗಂಜಿಯ ವಾಸನೆ. ಪೂಜೆ ಮುಗಿದು ನಿರ್ಮಾಲ್ಯವಾದ ಮೇಲೆ ಮೂಸಬಹುದಲ್ಲ ಎಂದು ಮರುದಿನ ಎತ್ತಿಕೊಂಡೆ. ಅಷ್ಟರಲ್ಲಿ ಅದು ವಿಭೂತಿ, ಕರ್ಪೂರಗಳ ಸಹವಾಸದಲ್ಲಿ ಪೂರ್ಣ ದೀಕ್ಷೆ ಪಡೆದಿತ್ತು.

ಪಕ್ಕದ ಮನೆಯ ಶಾಂತವ್ವನ ನ್ಯಾಯ ಸರಳ. "ಹರಿಯೂಕಿಂತ ಮೊದಲ ಎದ್ದು ಒಮ್ಮೆ ಮೂಸಿ ಬಿಡಬೇ! ಯಾರು ನೋಡತಾರ?"

"ಅತ್ತಿ ಅದನ್ನ ಲಿಂಗಕ್ಕ ಏರಸ್ತಾರಲ್ಲ," ಎಂದೆ.

"ಅವರಿಗೇನ ಗೊತ್ತಾಗತೈತಿ?"

ಗೊತ್ತಾಗುವುದಿಲ್ಲ ಎಂಬುದೇ ತೊಡಕು. ನನ್ನ ಮೇಲೆ ನಂಬಿಕೆಯಿಟ್ಟು ಕಣ್ಣು ಮುಚ್ಚಿ ಕೂರುವವರ ಅಂಗೈಯಲ್ಲಿ ಎಂಜಲು ಹೂವು ಇಡಿಸಲು ನನ್ನಿಂದಾಗದು. ಹೋಗಲಿ, ಒಂದು ಹೂವು ನನಗೆ ಬಿಡಿ ಎಂದು ಕೇಳಬಹುದಿತ್ತು. ಆದರೆ ದೇವರ ಪಾಲಿನಲ್ಲಿ ಪಾಲು ಕೇಳುವ ಮಾತು ಗಂಟಲವರೆಗೆ ಬಂದು, ಪ್ರತಿ ಸಲವೂ "ಚಹಾ ಇಡಲೇನ್ರಿ?" ಎಂದಾಗಿ ಹೊರಬೀಳುತ್ತಿತ್ತು.

ನಿನ್ನೆ ಅತ್ತೆ ಮುಧೋಳಕ್ಕೆ, ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋದರು. ಇವತ್ತಿನ ಪೂಜೆಗೆಂದು ಒಂದು ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡೇ ಹೋದರು. ಇನ್ನೊಂದು ಇನ್ನೂ ಬಿರಿದಿಲ್ಲವೆಂದು ಗಿಡದಲ್ಲೇ ಉಳಿಯಿತು. ಇವತ್ತು ಬೆಳಗಿನ ಬಿಸಿಲಿಗೆ ಅದು ಪೂರ್ತಿ ಅರಳಿತು. ಕೀಳುವವರಿಲ್ಲ, ಕಾಯುವ ದೇವರಿಲ್ಲ, ನಿಯಮದ ತಂಟೆಯಿಲ್ಲ. ನಾನು, ಹೂವು, ನಡುವೆ ಒಂದು ಗೇಣು ಗಾಳಿ.

ಆಗಲೇ ನನಗೆ ಹೆದರಿಕೆ ಶುರುವಾಯಿತು. ವಾಸನೆಯೇ ಇಲ್ಲದಿದ್ದರೆ? ಸಸಿ ಮಾರುವವನ ಮಾತಿಗೇನು ಆಧಾರ? ಮೂಸದಿರುವವರೆಗೆ ಇದು ಆ ಬಂಗಲೆಯ ಗೋಡೆಯಾಚೆಯ ಗುಲಾಬಿ. ಮೂಸಿದ ಮೇಲೆ ಇದೂ ಮದುವೆ ಹಾರದ ಮೂಕ ಹೂವಾದರೆ, ಈ ವಯಸ್ಸಿನಲ್ಲಿ ಇನ್ನೊಂದು ಹಂಬಲವನ್ನು ನಾನು ಎಲ್ಲಿಂದ ತರಲಿ?

ಮಗ್ಗ ನಿಲ್ಲಿಸಿ ಚಹಾದ ಲೋಟ ಕೊಡಲು ಬಂದ ಯಜಮಾನರು ನನ್ನ ಸ್ಥಿತಿ ನೋಡಿದರು.

"ಏನಲೇ, ಮೂಸಾಕ ಮುಹೂರ್ತ ನೋಡಾಕತ್ತಿಯೇನ? ಅಯ್ಯನೋರ್ನ ಕರಸ್ಲಿ?"

"ನೀವು ನಿಮ್ಮ ಮಗ್ಗ ನೋಡಿಕೋರಿ."

"ನೋಡ, ಎರಡು ವರ್ಷ ಸಾಕಿದಾಕಿ ನೀ, ಊಟ ಮಾಡಿದಾವ ಶಿವಾ. ಇವತ್ತೂ ಬಿಟ್ಟರ ಗಾಳಿ ತಿಂತೈತಿ," ಎಂದು ನಗುತ್ತ ಹೋದರು.

ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ನಾಳೆ ಬರಬೇಕಿದ್ದ ಅತ್ತೆ ಇವತ್ತೇ ಬಂದಿದ್ದರು; ತಂಗಿಯ ಮನೆಯಲ್ಲಿ ಮಂದಿ ಹೆಚ್ಚಾಗಿ ನಿದ್ದೆ ಬರಲಿಲ್ಲವಂತೆ. ಕೈಚೀಲ ಕೆಳಗಿಡುವ ಮುನ್ನವೇ ಗಿಡದ ಕಡೆ ನೋಡಿ ನಿಂತುಬಿಟ್ಟರು.

"ಯವ್ವಾ, ಇದು ಇಷ್ಟ ದೊಡ್ಡದಾಗತಿತ್ತೇನ?"

ಎರಡು ವರ್ಷದಲ್ಲಿ ಗಿಡದ ಮೇಲೆ ಪೂರ್ತಿ ಅರಳಿದ ಹೂವನ್ನು ಅವರೂ ನೋಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಮೂಸಿದ್ಯಾ?" ಎಂದರು.

"ಇಲ್ರೀ ಅತ್ತಿ."

"ಖರೆ? ನಾ ಇರಲಿಲ್ಲಲ್ಲ, ಮತ್ಯಾಕ ಬಿಟ್ಟಿ?"

"ವಾಸನಿ ಇರದಿದ್ದರ ಅಂತ ಅಂಜಿಕಿ ಬಂತ್ರಿ," ಎಂದೆ. ಇಷ್ಟು ದಿನ ಗಂಟಲಲ್ಲಿದ್ದ ಮಾತೂ ಅದರ ಹಿಂದೆಯೇ ಬಂತು. "ವಾಸನಿಗಂತ ತಂದಿದ್ದೆ ಅದನ್ನ."

ಅತ್ತೆ ನನ್ನನ್ನೊಮ್ಮೆ, ಹೂವನ್ನೊಮ್ಮೆ ನೋಡಿದರು. "ಹುಚ್ಚಿ. ಬಾಯಿ ಐತಿಲ್ಲ, ಕೇಳಾಕ ಏನಾಗಿತ್ತು?" ಎಂದವರು ದಂಟನ್ನು ಮೆಲ್ಲನೆ ನನ್ನ ಕಡೆ ಬಗ್ಗಿಸಿದರು. "ಪೂರ್ತಿ ಅರಳೇತಿ, ನಾಳೆ ಮುಂಜಾನಿ ತನಕ ಉಳಿಯಂಗಿಲ್ಲ. ಮೂಸು."

"ನೀವು ಮೊದಲ," ಎಂದೆ. ಧೈರ್ಯ ಇನ್ನೂ ಬಂದಿರಲಿಲ್ಲ.

ಅವರು ಬಗ್ಗಿದರು. ಮುಖ ಎಸಳುಗಳಿಗೆ ತಾಗುವಷ್ಟು ಬಗ್ಗಿದರು. ತುಸು ಹೊತ್ತು ಹಾಗೆಯೇ ಇದ್ದು ತಲೆಯೆತ್ತಿ, "ಏನೂ ಇಲ್ಲವ್ವಾ," ಎಂದರು. ಮರುಕ್ಷಣ ಅವರೇ ಹಣೆ ಬಡಿದುಕೊಂಡು ನಕ್ಕರು. "ಅಯ್ಯ, ನಾ ಉಸರ ಹಿಡದೀನಿ ನೋಡ!"

ಚಿಕ್ಕಂದಿನಿಂದ ಹೂವಿನ ಹತ್ತಿರ ಹೋದಾಗಲೆಲ್ಲ ಉಸಿರು ಬಿಗಿಹಿಡಿದು ಕಿತ್ತವರು ಅವರು. ಈಗ ಬಿಡು ಎಂದರೆ ಮೂಗಿಗೆ ತಿಳಿಯಬೇಕಲ್ಲ! ಮತ್ತೊಮ್ಮೆ ಬಗ್ಗಿದರು. ಈ ಸಲ ಅವರ ಹೆಗಲು ಏರಿ, ನಿಧಾನವಾಗಿ ಇಳಿಯಿತು. ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟರು.

ಪರಿಮಳ ಇತ್ತು. ಬಂಗಲೆಯ ಪರಿಮಳವಲ್ಲ, ಅದು ಗೋಡೆಯ ಆಚೆಗೇ ಉಳಿಯಿತು. ಇದು ಬೇರೆ. ಮೊದಲು ಮಾಗಿದ ಪೇರಲ ಹಣ್ಣು ಬಿರಿದಂತೆ, ಅದರ ಹಿಂದೆ ಒಣ ಚಹಾಪುಡಿಯ ಡಬ್ಬಿ ತೆರೆದಂತೆ, ಕೊನೆಗೆ ಹೆಸರಿಲ್ಲದ ಒಂದು ತಂಪು. ನಮ್ಮ ಅಂಗಳದ ಮೂಲೆಯಿಂದ ಪೂಜೆಯ ತಟ್ಟೆಗೆ ದಿನವೂ ಇದು ನನ್ನ ಕಣ್ಣೆದುರೇ ಹಾದುಹೋಗುತ್ತಿತ್ತು.

ಅತ್ತೆ ಕಟ್ಟೆಯ ಮೇಲೆ ಕೂತು ಅಂದರು: "ದಿನಾ ಏರಸ್ತಿದ್ದೆ. ಏನ ಕೊಡಾಕತ್ತೀನಿ ಅನ್ನೂದು ನನಗ ಗೊತ್ತಿರಲಿಲ್ಲ ನೋಡವಾ."

ಗಿಡದಲ್ಲಿ ಇನ್ನೊಂದು ಮೊಗ್ಗು ಬಾಯಿ ಬಿಡುವ ಸೂಚನೆ ತೋರುತ್ತಿದೆ. ಅದು ಯಾರ ಪಾಲೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಅಗತ್ಯವಿಲ್ಲ, ಅದು ನಸುಕಿನಲ್ಲಿ ತಟ್ಟೆ ಸೇರುತ್ತದೆ. ಹಂಬಲ ತೀರಿತೇ ಎಂದರೆ, ಇಲ್ಲ. ಇಲ್ಲಿಯವರೆಗೆ ಅದಕ್ಕೆ ವಿಳಾಸವಿರಲಿಲ್ಲ. ಇನ್ನು ಮೇಲೆ ಪ್ರತಿ ಬೆಳಗು ಏನು ನನ್ನನ್ನು ದಾಟಿ ಹೋಗುತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿರುತ್ತದೆ, ಅತ್ತೆಗೂ.

ರಾತ್ರಿ ಊಟಕ್ಕೆ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು, ಜೊತೆಗೆ ಅತ್ತೆ ತೊಟ್ಟಿಲ ಕಾರ್ಯದಿಂದ ತಂದ, ಕಾಳು ಬೇಯಿಸಿ ಮಾಡಿದ ಗುಗ್ಗರಿ. ಯಜಮಾನರು ಗುಗ್ಗರಿ ಅಗಿಯುತ್ತ, "ಹ್ಯಾಂಗಿತ್ತು ನಿನ್ನ ಗುಲಾಬಿ?" ಎಂದು ಕೇಳಿದರು. ಅತ್ತೆಯೇ ಹೇಳಲೆಂದು ಅವರ ಕಡೆ ನೋಡಿದೆ. ಅವರು ಗೋಡೆಗೆ ಒರಗಿ ಕೂತಲ್ಲಿಯೇ, ಎಲ್ಲರಿಗಿಂತ ಮೊದಲು, ನಿದ್ದೆ ಹೋಗಿದ್ದರು.