ಆಕೆಯ ಫೈಲು, ನನ್ನ ಬಾಯಿ

ದಿಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ನಾನು ದಂಗಾಗಿದ್ದು ಬಿಸಿಲಿಗಲ್ಲ, ಒಂದು ಕಾಲೇಜಿನ ಗೋಡೆಗೆ. ಪ್ರವೇಶ ಸಿಕ್ಕವರ ಹೆಸರು, ಅಪ್ಪನ ಹೆಸರು, ಅಂಕ, ಜಾತಿಯ ವರ್ಗ ಎಲ್ಲವನ್ನೂ ಬೀದಿಗೆ ಕಾಣುವಂತೆ ಅಂಟಿಸಿದ್ದರು. ಎದುರು ಮನೆಯವರ ಹೆಸರು ಕೇಳಲೂ ಹಿಂಜರಿಯುವ ಊರಿನಲ್ಲಿ ಇದೇನಪ್ಪ ಎನಿಸಿತು. ನಮ್ಮ ಗದಗಿನಲ್ಲಿ ಗೋಡೆಗೆ ಬರುತ್ತಿದ್ದದ್ದು ಬರೀ ನಂಬರು. ಯಾರ ನಂಬರು ಯಾವುದೆಂದು ಓಣಿಗೆಲ್ಲ ಗೊತ್ತಿರುತ್ತಿತ್ತು, ಆ ಮಾತು ಬೇರೆ.

ಮುಂದೆ ನಾನೇ ಅಂಥದೊಂದು ಕಾಲೇಜಿನ ಪ್ರವೇಶ ವಿಭಾಗದಲ್ಲಿ ಗುಮಾಸ್ತೆಯಾದೆ. ಹಿಂದಿ ಬಾರದೆ 'ಅಚ್ಛಾ' ಒಂದರಲ್ಲೇ ಆರು ತಿಂಗಳು ದೂಡಿದೆ. ಒಂದು ದಿನ ಅರ್ಜಿಗಳ ರಾಶಿಯಲ್ಲಿ ದಿಲ್ಲಿಯದೇ ರೋಹಿಣಿ ಬಡಾವಣೆಯ ಕನ್ನಡ ಹುಡುಗಿಯೊಬ್ಬಳ ಎಂ.ಎ. ಅರ್ಜಿ ಸಿಕ್ಕಿತು. ಹುಟ್ಟೂರು ನಮ್ಮ ಕಡೆಯದೇ. ಹಿಗ್ಗು ತಡೆಯಲಾರದೆ ಅಂದೇ ಸಂಜೆ ಮಯೂರ್ ವಿಹಾರದ ನಮ್ಮ ಸೊಸೈಟಿಯ ಕಾಕಾ ಒಬ್ಬರ ಮುಂದೆ ಹೇಳಿಬಿಟ್ಟೆ. ಊರ ಹೆಸರು ಕಂಡರೆ ಬಾಯಿ ತಾನಾಗಿ ಬಿಚ್ಚುವುದು ದೂರ ಬಂದ ನಮ್ಮಂಥವರ ರೋಗ.

ಮನೆ ಸಿಗದೆ ಅಲೆಯುತ್ತಿದ್ದಾಗ ಮಾಲೀಕನ ಮುಂದೆ ನಿಂತು ನಮಗೆ ಫ್ಲ್ಯಾಟು ಕೊಡಿಸಿದವರು ಈ ಕಾಕಾ. ವಾರ ಬಿಟ್ಟು ಬಂದರು. ಅದೇ ಹುಡುಗಿಯನ್ನು ಮಗನಿಗೆ ನೋಡಿದ್ದರಂತೆ. ಬಿ.ಎ. ಮುಗಿಸಿ ಆಕೆ ಒಂದು ವರ್ಷ ಓದು ಬಿಟ್ಟದ್ದು ಅವರನ್ನು ಕೊರೆಯುತ್ತಿತ್ತು. ಹಾಗೆ ಬಿಟ್ಟವರು ಕಾರಣ ಬರೆದು ಹಲಫ್‌ನಾಮಾ, ಅಂದರೆ ಪ್ರಮಾಣ ಮಾಡಿದ ಕಾಗದ, ಕೊಡಬೇಕೆಂದು ಅವರಿಗೆ ಗೊತ್ತಿತ್ತು.

"ಫೈಲ್ ತಗೊಂಡ್ ಬಾ ಅನ್ನಂಗಿಲ್ಲ ಶಾಂತಾ. ಕಾರಣ ಏನು, ಅಷ್ಟ ಹೇಳು."

ಆ ಕಾಗದ ನಾನು ಓದಿದ್ದೆ. ಹೇಳದಿದ್ದರೆ ಉಂಡ ಮನೆಯ ಜಂತೆ ಎಣಿಸಿದವಳಾಗುತ್ತೇನೆಂಬ ಅಳುಕು. ಹೇಳಿದರೆ ನನ್ನನ್ನು ಕಂಡೇ ಇರದ ಒಬ್ಬ ಹುಡುಗಿಯ ಬಾಳು.

"ಕಾಕಾ, ಅದು ಆಕೀ ಕಾಗದ. ಆಕೀನ್ನ ಕೇಳ್ರಿ" ಎಂದೆ.

ಚಹಾ ಮುಟ್ಟದೆ ಎದ್ದು ಹೋದರು. ಆ ದೀಪಾವಳಿಗೆ ಅವರ ಮನೆಯ ಉಂಡಿ, ಚಕ್ಕುಲಿ ನಮ್ಮ ಬಾಗಿಲಿಗೆ ಬರಲಿಲ್ಲ. ಈ ಊರಿನಲ್ಲಿ ನನಗಿದ್ದದ್ದು ಅದೊಂದೇ ಕನ್ನಡ ಮನೆ. ಅಂದು ಅತ್ತುಬಿಟ್ಟೆ.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಹುಡುಗಿಯೇ ಆಫೀಸಿನ ನನ್ನ ಕಿಟಕಿಗೆ ಬಂದಳು.

"ಆಂಟಿ, ನೀವು ಏನೂ ಹೇಳ್ಲಿಲ್ಲಾಂತ ಹುಡುಗನ ಅಪ್ಪ ನಮ್ಮನೇಗೆ ಬಂದು ಕಂಪ್ಲೇಂಟ್ ಮಾಡಿದ್ರು. ಆಮೇಲೆ ನಾನೇ ಎಲ್ಲಾ ಹೇಳಿದೆ, ಸಬ್ ಕುಛ್."

ಸಂಬಂಧ ಮುರಿದಿತ್ತು. ಆಕೆಯ ತಲೆ ಮಾತ್ರ ನೆಟ್ಟಗಿತ್ತು. ಆ ದಿನ ಬಸ್ಸಿನಲ್ಲಿ ನಿಂತೇ ಮನೆಗೆ ಬಂದರೂ ನನಗೆ ದಣಿವಾಗಲಿಲ್ಲ. ನನ್ನ ಬಗ್ಗೆ ನನಗೇ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಈಚೆಗೆ ಗದಗಿಗೆ ಹೋದಾಗ, ಸಂಬಂಧ ಮುರಿದ ಸುದ್ದಿ ತಿಳಿದಿದ್ದ ಅವ್ವ ಕೇಳಿದಳು, "ಏನ್ ಬರದಿದ್ಲು ಆಕಿ? ನನ್ನ ಮುಂದರ ಹೇಳು."

ಹೇಳಲಿಲ್ಲ. "ನೀ ನಮ್ಮಾಕಿ ಉಳಿಲಿಲ್ಲ ಬಿಡು, ದಿಲ್ಲಿಯಾಕಿ ಆದಿ" ಎಂದು ಮುಖ ತಿರುಗಿಸಿದಳು. ದಿಲ್ಲಿಯ ಆಫೀಸಿನಲ್ಲಿ ನಾನಿನ್ನೂ ಮದ್ರಾಸಿ ಮೇಡಂ. ಯಾವ ಊರಿನವಳೆಂದು ನನಗೂ ಖಾತ್ರಿಯಿಲ್ಲ. ಆ ಕಾಗದದ ಮಟ್ಟಿಗೆ ಮಾತ್ರ ಎರಡೂ ಊರಿಗೆ ನನ್ನ ಉತ್ತರ ಒಂದೇ. ಇದನ್ನು ಓದುತ್ತಿರುವ ನಿಮಗೂ ಅದೇ.