ಎಣ್ಣೆ ಹಚ್ಚಿಕೊಂಡು ಇಳಿಯಬಾರದು

ಪುಟ್ಟಿ, ಗುಂಡ, ಕಳೆದ ರಜೆಗೆ ಬಂದಾಗ ನೀವಿಬ್ಬರೂ ರೇಷ್ಮೆ ಹುಳು ಮನೆಯ ಗೋಡೆ ತೋರಿಸಿ ಒಂದು ಪ್ರಶ್ನೆ ಕೇಳಿದಿರಿ. ಟಬ್ಬಿನ ಮೇಲ್ಗಡೆ ಸೀಮೆಸುಣ್ಣದಲ್ಲಿ ‘ಎಣ್ಣೆ ಹಚ್ಚಿಕೊಂಡು ಇಳಿಯಬಾರದು’ ಎಂದು ಬರೆದವರು ಯಾರು, ಅದನ್ನು ಓದಿದಾಗಲೆಲ್ಲ ನಿಮ್ಮ ಅಪ್ಪ ಯಾಕೆ ನಗುತ್ತಾರೆ ಎಂದು. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ನಾನು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಬಾಯಲ್ಲಿ ಹೇಳಲು ನನಗೆ ಈಗಲೂ ನಾಚಿಕೆ, ಬರೆಯುವುದಾದರೆ ಆದೀತು. ನಾನು ಓದಿದ್ದು ಕೂಟಗಲ್ಲಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಕಾಗುಣಿತ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಿಮ್ಮ ತಾತ ಹೋದ ಮೇಲೆ ನನ್ನ ಮಂಡಿಗಳು ಕೈಕೊಟ್ಟವು. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಆಮೇಲೆ ಗೋಡೆಯೂ ಸಾಲದೆ ನನ್ನ ಮಗನನ್ನು, ನಿಮ್ಮ ಮಾವನನ್ನು, ಕೂಗಬೇಕಾಯಿತು. ಹುಳುಗಳಿಗೆ ಸೊಪ್ಪು ಹಾಕಲು ಬಗ್ಗುವುದು ನಿಂತಿತು. ರಾಮನಗರದ ಡಾಕ್ಟರಮ್ಮ, “ದಿನಾ ಅರ್ಧ ಗಂಟೆ ಬಿಸಿನೀರಲ್ಲಿ ಮುಳುಗಿ ಕೂತು ಕಾಲಾಡಿಸಿ. ಆರು ತಿಂಗಳು ನೋಡೋಣ. ಆಗಲಿಲ್ಲ ಅಂದ್ರೆ ಆಪರೇಷನ್ನೇ,” ಎಂದರು. ಆಪರೇಷನ್ ಮಾತ್ರ ನನಗೆ ಬೇಡವಾಗಿತ್ತು. ಬಿಸಿನೀರಿಗೆ ನಮ್ಮಲ್ಲಿ ಹಂಡೆಯಿದೆ, ಆದರೆ ಮುಳುಗಿ ಕೂರುವುದೆಲ್ಲಿ?

ನಿಮ್ಮ ಅಪ್ಪನಿಗೆ ಇದು ನಿಮ್ಮ ಅಮ್ಮನಿಂದ ತಿಳಿಯಿತು. ಒಂದು ತಿಂಗಳಾದ ಮೇಲೆ, ಬೈರಮಂಗಲದ ಕಡೆ ಮುಚ್ಚಿಹೋದ ಒಂದು ರೆಸಾರ್ಟಿನಲ್ಲಿ ಹಳೆಯ ಮರ ಮಾರುತ್ತಾರೆಂದು ಚನ್ನಪಟ್ಟಣದ ತಮ್ಮ ಗೊಂಬೆ ಕಾರ್ಖಾನೆಗೆ ಮರ ತರಲು ಹೋದವರು, ಟೆಂಪೋದಲ್ಲಿ ಈ ಟಬ್ಬನ್ನು ಹೇರಿಕೊಂಡು ನೇರ ನಮ್ಮ ಊರಿಗೇ ಬಂದರು. ಆರು ಜನ ಕೂರುವಷ್ಟು ದೊಡ್ಡದು, ಸುತ್ತ ಮರದ ಪಟ್ಟಿ, ಒಳಗೆ ನೀರು ತಿರುಗಿಸುವ ಮೋಟರು, ಬಿಸಿ ಮಾಡುವ ಹೀಟರು. ಇಳಿಸುವಾಗ ಅರ್ಧ ಊರೇ ಸೇರಿತ್ತು.

“ಏನಕ್ಕ, ನಿನ್ನಳಿಯ ದೋಣಿ ತಂದವ್ರೆ. ಕೆರೆ ಯಾವಾಗ ತತ್ತಾರೆ?” ಎಂದಳು ಪಕ್ಕದ ಮನೆಯವಳು.

“ದೋಣಿ ಅಲ್ಲ ಕಣೆ, ಕಲಗಚ್ಚಿನ ಬಾನಿ. ಎಮ್ಮೆ ಒಂದೇ ಕಮ್ಮಿ,” ಎಂದಳು ಅವಳ ವಾರಗಿತ್ತಿ, ನನ್ನನ್ನೇ ನೋಡುತ್ತಾ.

ನಾನು ಒಳಗೆ ಹೋಗಿಬಿಟ್ಟೆ. ನನಗೂ ನಿಮ್ಮ ಅಪ್ಪನಿಗೂ ಆಗ ನೇರ ಮಾತಿರಲಿಲ್ಲ. ಜಗಳವೇನಲ್ಲ. ನಮ್ಮ ಕಾಲದಲ್ಲಿ ಅತ್ತೆಯಾದವಳು ಅಳಿಯನ ಮುಂದೆ ನಿಂತು ಮಾತಾಡುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮಗಳ ಬಾಯಿಂದ ಹೇಳಿಸುತ್ತಿದ್ದಳು. ಬೇರೆಯವರೆಲ್ಲ ಅದನ್ನು ಬಿಟ್ಟರು. ನನಗೆ ಬಿಡಲು ಬರಲಿಲ್ಲ. ನಿಮ್ಮ ಅಮ್ಮನ ಮದುವೆಯಾಗಿ ಹನ್ನೊಂದು ವರ್ಷ ನಾನು ಅವರಿಗೆ “ಊಟಕ್ಕೆ ಏಳಕ್ಕೆ ಹೇಳು” ಎಂದು ನಿಮ್ಮ ಅಮ್ಮನಿಗೆ ಹೇಳಿದವಳೇ ಹೊರತು, “ಊಟಕ್ಕೆ ಏಳಿ” ಎಂದವಳಲ್ಲ.

ಟಬ್ಬನ್ನು ಹುಳು ಮನೆಯ ಒಂದು ಕೋಣೆಯಲ್ಲಿ ಇಟ್ಟರು. ನಿಮ್ಮ ಅಪ್ಪ ಅರ್ತಿಂಗ್ ಎಳೆಸಿ, ಫಿಲ್ಟರ್ ತೊಳೆದು, ನೀರು ತುಂಬಿಸಿ, ಹೀಟರ್ ಹಾಕಿ ಚನ್ನಪಟ್ಟಣಕ್ಕೆ ಹೋದರು. ಬೆಳಿಗ್ಗೆ ಹಾಕಿದ್ದು ಸಂಜೆಗೂ ಉಗುರುಬೆಚ್ಚಗೇ ಇತ್ತು. ಕರೆಂಟು ಒಂದು ಗಂಟೆ ಹೋದರೆ ಅದೂ ಇಲ್ಲ.

“ಇದು ಕರೆಂಟ್ ಕುಡಿಯೋ ರಾಕ್ಷಸ ಕಣವ್ವ,” ಎಂದ ನಿಮ್ಮ ಮಾವ. “ಇದು ಓಡ್ತಾ ಇದ್ರೆ ಮಿಕ್ಸಿನೂ ಮಂಕಾಯ್ತದೆ. ಭಾವ ಬೇಜಾರು ಮಾಡ್ಕತ್ತಾರೆ ಅಂತ ಸುಮ್ನಿದ್ದೀನಿ.”

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಶಾಖದ ವಿಷಯ ನನಗೆ ಗೊತ್ತಿತ್ತು. ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದ್ದೇನೆ. ಚಳಿಗಾಲದಲ್ಲಿ ಮರಿ ಹುಳುಗಳ ಕೋಣೆಯಲ್ಲಿ ಶಾಖ ಎಲ್ಲಿಂದ ಹೋಗುತ್ತಿದೆ ಎಂದು ತಿಳಿಯಲು ನಾವು ಅಂಗೈ ಇಡುವುದಿಲ್ಲ, ಅಂಗೈಯ ಚರ್ಮ ದಪ್ಪ. ಮುಂಗೈಯನ್ನು ಗೋಡೆಗೆ, ಕಿಟಕಿ ಸಂದಿಗೆ ಹಿಡಿಯುತ್ತೇವೆ. ಹಾಗೇ ಟಬ್ಬಿನ ಸುತ್ತ ಮುಂಗೈ ಹಿಡಿದುಕೊಂಡು ಒಂದು ಸುತ್ತು ಬಂದೆ. ಮರದ ಪಟ್ಟಿ ಬೆಚ್ಚಗಿತ್ತು. ಹೊರಗೆ ಬೆಚ್ಚಗಿದೆ ಎಂದರೆ ಶಾಖ ಸೋರುತ್ತಿದೆ ಎಂದೇ. ಮೇಲಿನ ಮುಚ್ಚಳ ಎತ್ತಲು ಹೋದರೆ ನೆನೆದ ಹಾಸಿಗೆಯಂತೆ ಭಾರ. ಅದರೊಳಗಿನ ಸ್ಪಂಜು ಎಷ್ಟು ವರ್ಷದ ನೀರು ಕುಡಿದಿತ್ತೋ. ಒದ್ದೆ ಕಂಬಳಿ ಹೊದ್ದರೆ ಯಾರಿಗೆ ಬೆಚ್ಚಗಾಗುತ್ತದೆ?

ಮುಂದಿನ ಭಾನುವಾರ ನೀವೆಲ್ಲ ಬಂದಾಗ ಬಾಗಿಲ ಮರೆಯಿಂದ ಅದನ್ನೆಲ್ಲ ನಿಮ್ಮ ಅಮ್ಮನ ಕೈಲಿ ಹೇಳಿಸಿದೆ. ನಿಮ್ಮ ಅಪ್ಪ ಪಟ್ಟಿ ಬಿಚ್ಚಿ ನೋಡಿದರು. ಒಳಗೆ ಬೆಂಡಿನಂಥದ್ದು ಏನಿತ್ತೋ ಅದನ್ನೆಲ್ಲ ಇಲಿಗಳು ತಿಂದು ಮುಗಿಸಿದ್ದವು, ಪೂರ್ತಿ ಪೊಳ್ಳು. ಅವರು ತಮ್ಮ ಕಾರ್ಖಾನೆಯಿಂದ ಗೊಂಬೆ ಕಡೆದ ಮರದ ಹೊಟ್ಟು ತಂದು, ಬಿಸಿಲಲ್ಲಿ ಒಣಗಿಸಿ, ತೇವ ಒಳಗೆ ಹೋಗದಂತೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಸುತ್ತ ಜಡಿದರು. ಮೋಟರಿನ ಸುತ್ತ ಮಾತ್ರ ಜಾಗ ಬಿಟ್ಟರು, ಅದಕ್ಕೆ ಗಾಳಿ ಬೇಕು. ಹಳೆಯ ಮುಚ್ಚಳ ಎಸೆದು, ದಪ್ಪ ಥರ್ಮಕೋಲ್ ಹಲಗೆಗಳನ್ನು ಟಾರ್ಪಾಲಿನಲ್ಲಿ ಸುತ್ತಿ ಹೊಸದು ಮಾಡಿದರು. ಮರಿ ಹುಳುಗಳಿಗೆ ಮುಟ್ಟುವಂತೆ ಮೇಣದ ಕಾಗದ ಮುಚ್ಚುತ್ತೇವಲ್ಲ, ನೀರಿಗೂ ಹಾಗೇ ಒಂದು ಹಾಳೆ ತೇಲಿಬಿಡಲು ಹೇಳು ಎಂದೆ ನಿಮ್ಮ ಅಮ್ಮನಿಗೆ. ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹಾಳೆ ಬಂತು. ತುಂಬಿಸುವುದಕ್ಕೆ ಮಾಳಿಗೆಯ ಸೋಲಾರಿನಿಂದ ಪೈಪು ಎಳೆದರು, ಅರ್ಧ ಬಿಸಿ ಸೂರ್ಯನ ಕಡೆಯಿಂದಲೇ ಬಂತು.

ಮಾರನೆಯ ಬೆಳಿಗ್ಗೆ ಮುಚ್ಚಳ ಸರಿಸಿದರೆ ನೀರು ಹಬೆಯಾಡುತ್ತಿತ್ತು. ಹೀಟರು ದಿನಕ್ಕೆ ಸ್ವಲ್ಪ ಹೊತ್ತು ಉರಿದರೆ ಸಾಕಾಗುತ್ತಿತ್ತು. ನಿಮ್ಮ ಮಾವ ರಾಕ್ಷಸ ಎನ್ನುವುದನ್ನು ಬಿಟ್ಟ. ನಾನು ಹಳೆಯ ಸೀರೆಯುಟ್ಟು, ಬಾಗಿಲು ಹಾಕಿಕೊಂಡು, ದಿನಾ ಅರ್ಧ ಗಂಟೆ ಕೂತೆ. ಎರಡು ತಿಂಗಳಿಗೆ ಗೋಡೆ ಹಿಡಿಯದೆ ಎದ್ದೆ. ಆ ದಿನ ಯಾರಿಗೂ ಹೇಳದೆ ಮೂರು ಸಲ ಕೂತು ಮೂರು ಸಲ ಎದ್ದೆ.

ಆಮೇಲೆ ಒಂದು ದಿನ ನೀರು ತಣ್ಣಗಾಯಿತು. ಹೀಟರಿನ ದೀಪ ಹೊತ್ತಿಕೊಂಡು ಕ್ಷಣದಲ್ಲಿ ಆರಿಹೋಗುತ್ತಿತ್ತು. ನಿಮ್ಮ ಅಪ್ಪ ಬಂದು ಹೊಲದ ಮೋಟರು ರಿಪೇರಿ ಮಾಡುವವನನ್ನು ಕರೆಸಿದರು. ಅವನು ವೈರು ಮುಟ್ಟಿ ನೋಡಿ, “ಒಳಗಡೆ ಕಾಯಿಲ್ ಹೋಗೈತೆ ಅಣ್ಣ. ಈ ಮಾಲಿಗೆ ಪಾರ್ಟು ಎಲ್ಲೂ ಸಿಗಾಕಿಲ್ಲ. ಗುಜರಿಗೆ ಹಾಕ್ಬುಡಿ,” ಎಂದ. ನಿಮ್ಮ ಅಪ್ಪ ಸಪ್ಪಗಾದರು. ಮಾರನೆಯ ದಿನ ಬರಲು ಗುಜರಿಯವನಿಗೆ ನಿಮ್ಮ ಮಾವ ಫೋನು ಮಾಡಿದ. ಮತ್ತೆ ಆಪರೇಷನ್ನಿನ ಮಾತು ಬಂತು.

ನನಗೆ ಒಂದು ಗುಮಾನಿಯಿತ್ತು. ಬಿಸಿನೀರು ಎಂದರೆ ನನಗೆ ಎಣ್ಣೆಸ್ನಾನ. ಎಣ್ಣೆಯಿಲ್ಲದೆ ಅಷ್ಟು ಬಿಸಿನೀರನ್ನು ಹಾಳುಮಾಡಲು ಮನಸ್ಸು ಬರಲಿಲ್ಲ. ಎಲ್ಲರೂ ಹೊಲಕ್ಕೆ ಹೋದ ಶನಿವಾರಗಳಲ್ಲಿ ಹರಳೆಣ್ಣೆ ತಿಕ್ಕಿಕೊಂಡು, ಸೀಗೆಪುಡಿಯನ್ನೂ ತೆಗೆದುಕೊಂಡು ಟಬ್ಬಿಗೇ ಇಳಿಯುತ್ತಿದ್ದೆ. ಟಬ್ಬಿನ ಅಂಚಿಗೆ ಕೂತ ಜಿಡ್ಡನ್ನು ಸೆರಗಿನಿಂದ ಒರೆಸಿಬಿಡುತ್ತಿದ್ದೆ. ಈಗ ನೀರು ಬರುವ ಬಾಯಿಗಳಲ್ಲಿ ರಭಸವಿರಲಿಲ್ಲ. ನಮ್ಮ ಹಿಪ್ಪುನೇರಳೆ ತೋಟದ ಡ್ರಿಪ್ಪಿನಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಹೀಗೇ ಆಗುತ್ತದೆ, ಎಷ್ಟು ಸಲ ನಾನೇ ತೊಳೆದಿದ್ದೇನೆ.

ನಿಮ್ಮ ಅಮ್ಮನನ್ನು ಕರೆದು ಹೇಳಿಸೋಣವೆಂದರೆ ಅವಳು ಚನ್ನಪಟ್ಟಣದಲ್ಲೇ ಇದ್ದಳು, ನಿಮಗೆ ಪರೀಕ್ಷೆ. ನಿಮ್ಮ ಅಪ್ಪ ಒಬ್ಬರೇ ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಗುಜರಿಯವನು ಬರುವ ಮುಂಚೆ ಹೊಟ್ಟಿನ ಚೀಲಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದರು. ನಾಲ್ಕು ಚೀಲ ತೆಗೆಯುವವರೆಗೂ ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ. ಐದನೆಯದಕ್ಕೆ ಅವರು ಕೈ ಹಾಕಿದಾಗ ಈಚೆಗೆ ಬಂದೆ.

“ಅಳಿಯಂದ್ರೆ,” ಎಂದೆ. ಅವರು ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದರು. ನಾನೇ ಎಂದು ತಿಳಿದು ಎದ್ದು ನಿಂತರು.

“ಹೀಟ್ರುದು ತಪ್ಪಲ್ಲ. ನಂದು. ನಾನು ಎಣ್ಣೆ ಹಚ್ಕಂಡು ಇಳ್ದಿದ್ದೆ.”

ಅವರು, “ಎಷ್ಟೆಣ್ಣೆ ಅತ್ತೆ?” ಎಂದರು.

“ಒಸಿ.”

“ಒಸಿ ಅಂದ್ರೆ?”

“ಒಂದು ಬಟ್ಲು. ಐದಾರು ಶನಿವಾರ.”

“ಸೀಗೆಕಾಯೂವ?”

“ಎಣ್ಣೆ ಹೋಗ್ಬೇಕಲ್ಲ.”

ಅವರು ಮುಖ ತಿರುಗಿಸಿಕೊಂಡರು. ಕೋಪ ಬಂತೆಂದುಕೊಂಡೆ. ಹೆಗಲು ಕುಲುಕುತ್ತಿತ್ತು, ನಗುತ್ತಿದ್ದರು. ಫಿಲ್ಟರ್ ಎಳೆದು ತೆಗೆದರು. ಮಡಿಕೆ ಮಡಿಕೆಯ ಬಿಳಿ ಬಟ್ಟೆ ಇರಬೇಕಾದ ಕಡೆ ಕಂದು ಬಣ್ಣದ ಸೀಗೆಯ ಉಂಡೆಯಿತ್ತು.

“ನೀರು ಸರಿಯಾಗಿ ಹರೀದೆ ಇದ್ರೆ ಹೀಟ್ರು ತಾನೇ ಆರೋ ಹಂಗೆ ಮಾಡವ್ರೆ, ಸುಟ್ಟೋಗ್ಬಾರ್ದು ಅಂತ,” ಎಂದರು. “ಹೋದ ಸಲ ತೊಳ್ದಿದ್ನಲ್ಲ ಅಂತ ನಾನೂ ಬಿಚ್ಚಿ ನೋಡ್ಲಿಲ್ಲ. ನನ್ದೂ ತಪ್ಪೈತೆ ಬುಡಿ ಅತ್ತೆ.”

ನೀರನ್ನೆಲ್ಲ ಚೆಲ್ಲಿದೆವು. ಫಿಲ್ಟರನ್ನು ಸೋಪಿನ ಬಿಸಿನೀರಿನಲ್ಲಿ ನಾನೇ ಮಡಿಕೆ ಬಿಡಿಸಿ ತೊಳೆದೆ, ಅವರು ಟಬ್ಬು ಉಜ್ಜಿದರು. ಸೋಲಾರಿನ ನೀರು ತುಂಬಿ, ಹೀಟರು ಹಾಕಿ, ಇಬ್ಬರೂ ದೀಪ ನೋಡುತ್ತಾ ನಿಂತೆವು. ಅದು ಆರಲಿಲ್ಲ. ನಾನು ಮುಂಗೈ ಅದ್ದಿ ನೋಡಿದೆ, ಅವರೂ ಮುಂಗೈಯನ್ನೇ ಅದ್ದಿದರು. ಆಮೇಲೆ ನಿಮ್ಮ ಮಾವನಿಗೆ ಫೋನು ಮಾಡಿ, “ಗುಜರಿಯೋನಿಗೆ ಬರ್ಬೇಡ ಅನ್ನಪ್ಪ, ಅತ್ತೆ ರಿಪೇರಿ ಮಾಡುದ್ರು,” ಎಂದರು.

“ಊಟಕ್ಕೆ ಏಳಿ,” ಎಂದೆ ನಾನು.

ಗೋಡೆಯ ಮೇಲೆ ಬರೆದದ್ದು ಆ ಸಂಜೆ, ನನಗೆ ನಾನೇ ಬರೆದುಕೊಂಡದ್ದು. ಎಣ್ಣೆಸ್ನಾನ ಈಗ ಬಚ್ಚಲಿನಲ್ಲಿ. ಆರು ತಿಂಗಳಾದ ಮೇಲೆ ಡಾಕ್ಟರಮ್ಮ ಮಂಡಿ ಮಡಿಸಿ ನೋಡಿ, ಆಪರೇಷನ್ನಿನ ಮಾತು ಸದ್ಯಕ್ಕೆ ಬೇಡ, ನೀರು ಬಿಡಬೇಡಿ ಎಂದರು. ದೋಣಿ ಎಂದವಳೂ ಬಾನಿ ಎಂದವಳೂ ಈಗ ಬುಧವಾರ ಬುಧವಾರ ತಮ್ಮ ಮಂಡಿ ತೆಗೆದುಕೊಂಡು ಬರುತ್ತಾರೆ. ಇಳಿಯುವ ಮುಂಚೆ ಅವರ ಕಾಲು ಮೂಸಿ ನೋಡುತ್ತೇನೆ.

ಇದನ್ನು ಹುಳು ಮನೆಯ ನೆಲದ ಮೇಲೆ ಕೂತು, ಕಾಲು ಮಡಿಸಿ ಬರೆದಿದ್ದೇನೆ. ಓದಿ ನಕ್ಕಾದ ಮೇಲೆ ಹಾಳೆಗಳನ್ನು ಟಬ್ಬಿನ ಹತ್ತಿರ ಇಡಬೇಡಿ, ಹಬೆಗೆ ಶಾಯಿ ಹರಡುತ್ತದೆ. ಮೇಣದ ಕಾಗದದಲ್ಲಿ ಸುತ್ತಿ ನಿಮ್ಮ ಅಮ್ಮನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ ಜೋಪಾನವಾಗಿಡಿ.